ಹಿತ್ತಲಿನ ಬಟ್ಟೆತಂತಿ

ಹಾರ್ಲನ್ ಫೋರ್ಕ್, ನೆಬ್ರಾಸ್ಕಾ
ಆಗಸ್ಟ್ 24

ಪ್ರೀತಿಯ ಮಿಸ್ ವರ್ಲೀನ್,

ರಾತ್ರಿ ಎರಡೂಕಾಲು. ಎಬ್ಬಿಸಿದ್ದು ಟಿಕ್ ಎನ್ನುವ ಸದ್ದು. ನೆಲ್ ಅಲ್ಲ, ಅವಳು ಹಲ್ಲು ಬರುವ ನೋವಿನಲ್ಲಿ ಅತ್ತೂ ಅತ್ತೂ ಈಗಷ್ಟೇ ಮಲಗಿದ್ದಾಳೆ. ಟಿಕ್ ಬರುತ್ತಿರುವುದು ನೆಲಮಾಳಿಗೆಯಿಂದ. ವೇಡ್ ರಿಮೋಟ್ ಒತ್ತಿ ಒತ್ತಿ ಆಟದ ವೀಡಿಯೊ ನೋಡುತ್ತಿದ್ದಾನೆ. ತೆರೆಯ ಮೇಲೆ ಹೆಲ್ಮೆಟ್ ಹಾಕಿದ ಹುಡುಗರು ಎಸೆದ ಬಾಲನ್ನು ಕೈಯಲ್ಲಿ ಹಿಡಿಯಲು ಓಡಿ ಬಂದು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಬೀಳುತ್ತಾರೆ. ಟಿಕ್. ಬಿದ್ದವರು ಎದ್ದು, ಹಿಂದುಹಿಂದಕ್ಕೆ ಓಡುತ್ತ, ಕೊಟ್ಟ ಏಟನ್ನು ವಾಪಸು ತೆಗೆದುಕೊಂಡು ಹೋಗುತ್ತಾರೆ. ಟಿಕ್. ಕಾಲೇಜು ಫುಟ್‌ಬಾಲ್ ಕೋಚ್‌ನನ್ನು ಮದುವೆಯಾದವಳಿಗೆ ಆಗಸ್ಟ್‌ನಿಂದ ಚಳಿಗಾಲದವರೆಗೆ ಇದೇ ಜೋಗುಳ.

ನಿಮ್ಮ ಮಗ ಟೇವಿಯನ್ ಇಲ್ಲದ ಮೊದಲ ಭಾನುವಾರ ನಿನ್ನೆ ಕಳೆಯಿತು. ಈ ಊರಿನಲ್ಲಿ ಕೋಚ್‌ಗಳ ಹೆಂಡತಿಯರು ದೂರದಿಂದ ಬಂದ ಒಬ್ಬೊಬ್ಬ ಹುಡುಗನನ್ನು ಭಾನುವಾರದ ಊಟಕ್ಕೆ ದತ್ತು ತೆಗೆದುಕೊಳ್ಳುವುದು ವಾಡಿಕೆ ಎಂದು ನಾನು ನಿಮಗೆ ಬರೆದ ಮೊದಲ ಪತ್ರ ನೆನಪಿದೆಯೇ? ‘ಹಾಗಾದರೆ ಅವನಿಗೆ ಬೆಂಡೆಕಾಯಿ ಹುರಿಯಲು ಕಲಿ, ಇಲ್ಲದಿದ್ದರೆ ವಾಪಸು ಕಳಿಸು’ ಎಂದು ನೀವು ಅರ್ಕನ್ಸಾದಿಂದ ಉತ್ತರ ಬರೆದಿರಿ. ಕಲಿತೆ. ಈಗ ಬೆಂಡೆಕಾಯಿ ಹುರಿದರೆ ತಿನ್ನುವವರಿಲ್ಲ.

ಅವನು ನದಿಯಾಚೆಯ ಕಾಲೇಜಿಗೆ ಹೋದದ್ದರಲ್ಲಿ ತಪ್ಪೇನಿಲ್ಲ. ಅಲ್ಲಿ ಪ್ರತಿ ಪಂದ್ಯದಲ್ಲೂ ಆಡಿಸುತ್ತಾರೆ, ಇಲ್ಲಿ ಬೆಂಚಿನ ಮೇಲೆ ಕೂರಿಸುತ್ತಿದ್ದರು. ವೇಡ್ ಮಾತ್ರ ಅವನ ಹೆಸರೆತ್ತುವುದಿಲ್ಲ. ‘ಹೋದೋನು ಹೋದ, ಉಪ್ಪು ಕೊಡು’ ಎನ್ನುತ್ತಾನೆ. ಪಾಪ, ಅವನ ಕೆಲಸದ ಕರಾರೂ ವರ್ಷವರ್ಷಕ್ಕೆ. ನಾವಿರುವ ಮನೆಯೂ ಕಾಲೇಜಿನದೇ. ಈ ಸಲ ಸೋತರೆ ನೆಲ್‌ಳ ತೊಟ್ಟಿಲನ್ನು ಯಾವ ಊರಿಗೆ ಹೊರುತ್ತೇವೋ ಗೊತ್ತಿಲ್ಲ.

ಟೇವಿಯನ್‌ನ ಕುರ್ಚಿಯಲ್ಲಿ ಈಗ ಗ್ರೇಡಿ ಎಂಬ ಹುಡುಗ ಕೂರುತ್ತಾನೆ. ದನ ಸಾಕುವವರ ಮನೆಯವನು. ಮೈದಾನದಲ್ಲಿ ಎಲ್ಲರ ಹಿಂದೆ ನಿಂತು, ಬಾಲ್ ಹಿಡಿಯಲು ಬಂದವರನ್ನು ಕೆಡವುವುದು ಅವನ ಕೆಲಸ. ಅಂದರೆ ವೇಡ್‌ನ ಸ್ವಂತ ಶಿಷ್ಯ, ಕೆಡವುವವರಿಗೆ ಕಲಿಸುವವನು ಅವನೇ. ಹೊಟ್ಟೆ ತುಂಬ ತಿಂದು, ತಟ್ಟೆ ತೊಳೆದಿಟ್ಟು, ಮೂರು ಮಾತಾಡಿ ಹೋದ. ನೆಲ್ ಅವನೆದುರು ತನ್ನ ತಟ್ಟೆ ಬಡಿದು ಟೇವಿಯನ್ ಕಲಿಸಿದ ತಾಳ ನುಡಿಸಿದಳು. ಗ್ರೇಡಿಗೆ ತಿರುಗಿ ಬಡಿಯಬೇಕೆಂದು ತಿಳಿಯಲಿಲ್ಲ. ನಾನು ಬಡಿದೆ.

ಫೋನಿನಲ್ಲಿ ನಿಮಗೆ ಮಾತು ಬರುವುದಿಲ್ಲ, ಅಳು ಬರುತ್ತದೆ ಎಂದಿದ್ದಿರಿ. ಹಾಗಾಗಿ ಕಾಗದದಲ್ಲೇ ಕೇಳುತ್ತೇನೆ: ಹುಡುಗ ಹೇಗಿದ್ದಾನೆ?

ನಿಮ್ಮ,
ಕೊರಿನ್ ಲಿಂಡಾಲ್

*

ಅರ್ಕನ್ಸಾ
ಸೆಪ್ಟೆಂಬರ್ 19

ಕೊರಿನ್ ಮಗೂ,

ನಿನ್ನ ಕಾಗದ ಬಂದ ದಿನ ನಮ್ಮ ಸ್ಕೂಲಿನ ಅಡುಗೆಮನೆಯಲ್ಲಿ ಒಲೆ ಕೆಟ್ಟಿತ್ತು. ಮಕ್ಕಳಿಗೆ ತಣ್ಣಗಿನ ಸ್ಯಾಂಡ್‌ವಿಚ್ ಕೊಟ್ಟು ಬೈಸಿಕೊಂಡು ಮನೆಗೆ ಬಂದೆ. ಕಾಲು ನೀರಲ್ಲಿಟ್ಟುಕೊಂಡು ನಿನ್ನ ಕಾಗದ ಓದಿದೆ. ಬೆಂಡೆಕಾಯಿ ತಿನ್ನದ ಜನರ ನಡುವೆ ನೀನು ಹೇಗಿದ್ದೀಯೋ ದೇವರಿಗೇ ಗೊತ್ತು.

ಟೇ ಚೆನ್ನಾಗಿದ್ದಾನೆ. ಟೀವಿಯಲ್ಲಿ ಎರಡು ಸಲ ಕಂಡ. ನಮ್ಮ ಚರ್ಚಿನ ಹೆಂಗಸರೆಲ್ಲ ನಮ್ಮನೆಯಲ್ಲೇ ಕೂತಿದ್ದರು. ಅವನು ಬಾಲ್ ಹಿಡಿದಾಗ ಎಲ್ಲರೂ ಕುಣಿದರು, ನಾನೊಬ್ಬಳು ಕಣ್ಣು ಮುಚ್ಚಿದೆ. ಯಾಕೆ ಅಂತ ನಿನಗೆ ಮಾತ್ರ ಹೇಳುತ್ತೇನೆ.

ಅವನು ಮತ್ತೆ ಬಗ್ಗುತ್ತಿದ್ದಾನೆ. ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿ ಇದೆಯಲ್ಲ, ಹುಡುಗರು ಚಿಕ್ಕಂದಿನಿಂದ ಅದರ ಕೆಳಗೇ ಆಡಿದ್ದು. ಬಾಲ್ ತಂತಿಯ ಮೇಲಿಂದ ಬರಬೇಕು, ಹುಡುಗ ತಂತಿಯ ಕೆಳಗಿಂದ ಹೋಗಬೇಕು. ಒಮ್ಮೆ ಅವನ ಸೋದರತ್ತೆ ಮಗನ ಕತ್ತಿಗೆ ತಂತಿ ಸಿಕ್ಕಿ ಈಗಲೂ ಗೆರೆ ಇದೆ. ಅವತ್ತಿಂದ ಟೇಗೆ ಬಾಲ್ ಕೈಗೆ ಬರೋದೂ ತಲೆ ಕೆಳಗೆ ಹೋಗೋದೂ ಒಟ್ಟಿಗೇ. ಇಲ್ಲದ ತಂತಿಗೆ ಬಗ್ಗುತ್ತಾನೆ. ಮೊದಲ ವರ್ಷ ಅದನ್ನು ಕಂಡುಹಿಡಿದಿದ್ದು ನಿನ್ನ ಗಂಡ ಒಬ್ಬನೇ. ಏನೋ ಒಂದು ಮಾತು ಹೇಳಿಕೊಟ್ಟು ಬಿಡಿಸಿದ್ದ. ಈಗಿನ ಕೋಚ್ ಕ್ಯಾಚ್ ಲೆಕ್ಕ ಹಾಕುತ್ತಾನೆ, ಕತ್ತು ನೋಡಲ್ಲ. ತಲೆ ಕೆಳಗೆ ಹಾಕಿ ಬಂದವನ ಮೇಲೆ ಯಾರಾದರೂ ಜೋರಾಗಿ ಬಿದ್ದರೆ ಏನಾಗುತ್ತೆ ಮಗೂ?

ಆ ಮಾತು ಏನು ಅಂತ ನಿನಗೆ ನೆನಪಿದ್ದರೆ ಬರೆ. ನಾನೇ ಅವನಿಗೆ ಹೇಳುತ್ತೇನೆ. ಇದು ತಾಯಂದಿರ ನಡುವೆಯೇ ಇರಲಿ. ಆಟಗಾರನ ಕುಂದು ಊರೆಲ್ಲ ತಿಳಿಯಬಾರದು.

ನೆಲ್‌ಗೆ ಮುತ್ತು. ನಮ್ಮ ಪೆಕಾನ್ ಮರದ ಕಾಯಿ ಇನ್ನೂ ಹಸಿರು, ಉದುರಿದ ಮೇಲೆ ಕಳಿಸುತ್ತೇನೆ.

ವರ್ಲೀನ್ ಟೇಟಮ್

*

ಹಾರ್ಲನ್ ಫೋರ್ಕ್
ಅಕ್ಟೋಬರ್ 6

ಪ್ರೀತಿಯ ಮಿಸ್ ವರ್ಲೀನ್,

ಆ ಮಾತು ಸಿಕ್ಕಿತು! ನನಗೆ ನೆನಪಿರಲಿಲ್ಲ, ಹಾಗಾಗಿ ಊಟದ ಹೊತ್ತಿನಲ್ಲಿ ವೇಡ್‌ನನ್ನೇ ಕೇಳಿದೆ. ಬಾಲಿನ ಮೇಲೆ ಬಣ್ಣದಲ್ಲಿ ಒಂದೊಂದು ಅಕ್ಷರ ಬರೆದು ಎಸೆಯುತ್ತಿದ್ದನಂತೆ. ‘ಮೊದಲು ಓದು, ಆಮೇಲೆ ಹಿಡಿ.’ ಅಕ್ಷರ ಓದಬೇಕಾದರೆ ತಲೆ ಎತ್ತಲೇಬೇಕಲ್ಲ. ಟೇವಿಯನ್ ಅಕ್ಷರಗಳನ್ನು ಕೂಗಿ ಕೂಗಿ, ಕೊನೆಗೆ ಅವನ್ನು ಜೋಡಿಸಿ ಕೋಚ್‌ಗೇ ಬೈಗುಳ ಮಾಡಿ ಒಪ್ಪಿಸಿದ್ದನಂತೆ. ಹೇಳುತ್ತ ಹೇಳುತ್ತ ವೇಡ್ ನಕ್ಕ. ಅವನ ಬಾಯಲ್ಲಿ ನಿಮ್ಮ ಮಗನ ಹೆಸರು ಬಂದು ಎಷ್ಟು ತಿಂಗಳಾಗಿತ್ತು!

‘ಯಾಕೆ, ಇನ್ನೂ ಬಗ್ತಾನಾ?’ ಎಂದು ಕೇಳಿದ.

‘ಬಟ್ಟೆತಂತಿ ಕಂಡ ಹಾಗೆ ಬಗ್ತಾನಂತೆ,’ ಎಂದೆ. ಅಷ್ಟೇ. ನೀವು ಹೇಳಿದ್ದು ನೆನಪಿತ್ತು. ಆದರೆ ವೇಡ್ ಹೊರಗಿನವನಲ್ಲವಲ್ಲ.

ಮುಂದಿನ ತಿಂಗಳು ಅವರ ತಂಡ ನಮ್ಮ ಮೈದಾನಕ್ಕೇ ಬರುತ್ತದೆ. ಪಂದ್ಯ ಮುಗಿದ ಮೇಲೆ ಬಸ್ ಹತ್ತುವ ಮೊದಲು ಅವನ ಕೈಗೆ ಒಂದು ಡಬ್ಬಿ ಹುರಿದ ಬೆಂಡೆಕಾಯಿ ತುರುಕುತ್ತೇನೆ. ನೆಲ್‌ಗೆ ಅವನ ಗುರುತು ಸಿಗುತ್ತದೆಯೋ ಇಲ್ಲವೋ ನೋಡಬೇಕು.

ನಿಮ್ಮ,
ಕೊರಿನ್

*

ಹಾರ್ಲನ್ ಫೋರ್ಕ್
ನವೆಂಬರ್ 17

ಮಾನ್ಯ ಶ್ರೀಮತಿ ಟೇಟಮ್ ಅವರಿಗೆ,

ಹೇಗೆ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ಶನಿವಾರದ ಪಂದ್ಯವಾದಾಗಿನಿಂದ ನಮ್ಮ ಮನೆಯವರೆಲ್ಲರೂ ಟೇವಿಯನ್‌ಗಾಗಿ ಪ್ರಾರ್ಥಿಸುತ್ತಿದ್ದೇವೆ. ಅವನು ಕಾಲು ಅಲ್ಲಾಡಿಸಿದನೆಂದು ಇಲ್ಲಿನ ರೇಡಿಯೊದಲ್ಲಿ ಹೇಳಿದರು. ಕೇಳಿ ನಾನು ಸಾಮಾನಿನ ಬುಟ್ಟಿಯನ್ನು ಅಂಗಡಿಯ ನಡುವೆಯೇ ಬಿಟ್ಟು ಮನೆಗೆ ಬಂದೆ.

ಆಸ್ಪತ್ರೆಗೆ ಬಂದಿದ್ದೆವು. ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಬಿಡುವುದಿಲ್ಲ ಎಂದರು. ನೀವು ಒಳಗಿದ್ದೀರಿ ಎಂದು ಗೊತ್ತಾಯಿತು. ಹೂವನ್ನು ಮೇಜಿನ ಮೇಲಿಟ್ಟು ಬಂದೆವು.

ವೇಡ್‌ಗೆ ನಿದ್ದೆಯಿಲ್ಲ. ಅಂಥದ್ದನ್ನು ಯಾರೂ ಮುಂಚೆ ಊಹಿಸಲು ಸಾಧ್ಯವಿರಲಿಲ್ಲ ಎನ್ನುತ್ತಾನೆ. ಗ್ರೇಡಿ ಬೇಕೆಂದು ಹಾಗೆ ಹೊಡೆಯುವ ಹುಡುಗನಲ್ಲ. ಇದನ್ನು ದಯವಿಟ್ಟು ನಂಬಿ.

ತಮ್ಮ ದುಃಖದಲ್ಲಿ ಭಾಗಿ,
ಕೊರಿನ್ ಮತ್ತು ವೇಡ್ ಲಿಂಡಾಲ್

*

ಅರ್ಕನ್ಸಾ
ಡಿಸೆಂಬರ್ 2

ಕೊರಿನ್,

ನಾನು ಯಾವಾಗಿನಿಂದ ನಿನಗೆ ಶ್ರೀಮತಿ ಟೇಟಮ್ ಆದೆ?

ಟೇಯನ್ನು ಮನೆಗೆ ಕರೆತಂದಿದ್ದೇವೆ. ನಡೆಯುತ್ತಾನೆ, ಗೋಡೆ ಹಿಡಿದು. ಬಲಗೈ ಮುಚ್ಚುವುದಿಲ್ಲ. ಚಮಚ ಎಡಗೈಯಲ್ಲಿ ಹಿಡಿಯಲು ಕಲಿಯುತ್ತಿದ್ದಾನೆ. ಡಾಕ್ಟರು ಕೈ ಬರಬಹುದು ಅಂದರು, ಆಟ ಬರಲ್ಲ ಅಂದರು.

ಕತ್ತಿನ ವಿಷಯ ದೇವರಿಗೆ ಬಿಟ್ಟಿದ್ದೇನೆ. ನನ್ನನ್ನು ಸುಡುತ್ತಿರುವುದು ಬೇರೆ. ಆ ದಿನ ರೆಫರಿ ತಪ್ಪೆಂದು ಹಳದಿ ಬಟ್ಟೆ ಎಸೆದದ್ದನ್ನು ನಾನೂ ಟೀವಿಯಲ್ಲಿ ನೋಡಿದೆ. ತಲೆಗೆ ಗುರಿಯಿಟ್ಟು ಹೊಡೆದ, ಹುಡುಗ ಹೊರಗೆ, ಮುಂದಿನ ಪಂದ್ಯದಲ್ಲೂ ಅರ್ಧ ಹೊತ್ತು ಹೊರಗೆ ಅಂದ. ಆಮೇಲೆ ಮೇಲಿನ ಕೋಣೆಯಲ್ಲಿ ಕೂತು ವೀಡಿಯೊ ನೋಡುವವನು ಅದನ್ನು ಅಳಿಸಿದ. ಇವನೇ ತಲೆ ಬಗ್ಗಿಸಿದ, ಹೊಡೆದವನದು ತಪ್ಪಿಲ್ಲ ಅಂದ. ನನ್ನ ಮಗ ನೆಲದ ಮೇಲಿದ್ದ. ನಿಮ್ಮ ಜನ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು.

ನಮ್ಮ ಸ್ಕೂಲಿನ ಅಡುಗೆಮನೆಯಲ್ಲಿ ದಿನಾ ಇದೇ ಜಗಳ. ‘ಹೊಡೆದೋನ್ನ ಒಂದು ವರ್ಷ ಮನೇಲಿ ಕೂರಿಸ್ಬೇಕು,’ ಅಂತಾಳೆ ಒಬ್ಬಳು. ‘ಹಂಗಾದ್ರೆ ಫುಟ್‌ಬಾಲ್ ಯಾಕೆ, ಕುಂಟೆಬಿಲ್ಲೆ ಆಡ್ಸಿ,’ ಅಂತಾನೆ ಪಾತ್ರೆ ತೊಳೆಯುವವನು. ನಾನು ಸುಮ್ಮನೆ ಈರುಳ್ಳಿ ಹೆಚ್ಚುತ್ತೇನೆ. ಆಗ ಅಳೋದಕ್ಕೆ ಯಾರೂ ಕಾರಣ ಕೇಳಲ್ಲ.

ಮೊನ್ನೆ ಟೇ ಕೇಳಿದ: ‘ಮಮ್ಮಾ, ನನ್ನ ಕತ್ತು ನಾನೇ ಮುರ್ಕೊಂಡ್ನಾ?’ ಟೀವಿಯವರು ಹೇಳಿದರು, ರೆಫರಿಗಳು ಹೇಳಿದರು, ಈಗ ಅವನೂ ನಂಬಿದ್ದಾನೆ. ‘ಬಾಲ್ ಮೇಲೆ ಅಕ್ಷರ ಇರ್ಲಿಲ್ಲ ಮಮ್ಮಾ,’ ಅಂತಾನೆ. ಯಾರ ಮೇಲೂ ಸಿಟ್ಟಿಲ್ಲ ಅವನಿಗೆ. ತನ್ನ ಮೇಲೆ ಮಾತ್ರ.

ಜನವರಿಯಲ್ಲಿ ನಿಮ್ಮೂರಿನಲ್ಲಿ ಎಲ್ಲ ಕಾಲೇಜಿನವರು ಸೇರಿ ಈ ಶಿಕ್ಷೆಯ ವಿಷಯ ಚರ್ಚೆ ಮಾಡುತ್ತಾರಂತೆ. ತಾಯಿ ಬಂದು ನಾಲ್ಕು ಮಾತಾಡಬಹುದು ಎಂದು ಕರೆದಿದ್ದಾರೆ. ಬಸ್ಸಿನಲ್ಲಿ ಬರುತ್ತೇನೆ.

ಒಂದೇ ಒಂದು ಕೇಳುತ್ತೇನೆ, ಮತ್ತೆ ಕೇಳಲ್ಲ. ಊಟದ ಹೊತ್ತಿಗೆ ನಿನ್ನ ಗಂಡನಿಗೆ ತಂತಿಯ ಮಾತು ಹೇಳಿದೆ ಎಂದು ಬರೆದಿದ್ದೆ. ಊಟ ಆದಮೇಲೆ ಅವನು ಏನು ಮಾಡಿದ?

ವರ್ಲೀನ್

*

ಹಾರ್ಲನ್ ಫೋರ್ಕ್
ಡಿಸೆಂಬರ್ 11

ಪ್ರೀತಿಯ ಮಿಸ್ ವರ್ಲೀನ್,

ಊಟ ಆದಮೇಲೆ ವೇಡ್ ನೆಲ್‌ಳನ್ನು ಎತ್ತಿಕೊಂಡು ತೂಗಿದ. ಆಮೇಲೆ ಮಲಗಿದ. ಊಟದ ಮೇಜಿನ ಮಾತು ಊಟದ ಮೇಜಿನಲ್ಲೇ ಉಳಿಯಿತು. ನೀವು ಮನಸ್ಸಿನಲ್ಲಿ ಬೇರೆ ಏನಾದರೂ ಇಟ್ಟುಕೊಂಡು ಕೊರಗಬಾರದು.

ಟೇವಿಯನ್‌ನ ಕೈಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೀರಾ? ನೆಲ್‌ಗೆ ಮತ್ತೆರಡು ಹಲ್ಲು ಬಂದಿವೆ. ಇಲ್ಲಿ ಹಿಮ ಬಿದ್ದಿದೆ.

ನಿಮ್ಮ,
ಕೊರಿನ್

*

ಹಾರ್ಲನ್ ಫೋರ್ಕ್
ಜನವರಿ 14, ರಾತ್ರಿ

ಮಿಸ್ ವರ್ಲೀನ್,

ಹಿಂದಿನ ಪತ್ರದಲ್ಲಿ ನಾನು ಬರೆದದ್ದು ಸುಳ್ಳು.

ಈ ಕಾಗದವನ್ನು ನೀವಿಳಿದಿರುವ ಮೋಟೆಲಿನ ಕೌಂಟರಿನಲ್ಲಿ ಕೊಟ್ಟು, ನಿಮ್ಮ ಬಾಗಿಲ ಕೆಳಗೆ ತಳ್ಳಿ ಬಾಗಿಲು ಬಡಿಯಲು ಹೇಳುತ್ತೇನೆ. ನಾನೇ ಬಡಿಯಬಹುದಿತ್ತು. ನೀವು ಬಾಗಿಲು ತೆರೆದು ಮತ್ತೆ ನನ್ನನ್ನು ತಬ್ಬಿಕೊಂಡುಬಿಟ್ಟರೆ ನನ್ನ ಬಾಯಿಂದ ಒಂದು ಅಕ್ಷರವೂ ಹೊರಡುವುದಿಲ್ಲ. ಸಂಜೆ ಆದದ್ದು ಅದೇ.

ಕಾಲೇಜಿನ ಸಭಾಂಗಣದ ಸ್ವಾಗತದ ಊಟದಲ್ಲಿ ನಾನು ಕಂಬದ ಹಿಂದೆ ನಿಂತಿದ್ದೆ. ನಿಮ್ಮ ಕೋಟಿನ ಮೇಲೆ ಹೆಸರಿನ ಚೀಟಿ ಇತ್ತು, ನಾನು ನನ್ನದನ್ನು ಅಂಟಿಸಿಕೊಂಡಿರಲಿಲ್ಲ. ಆದರೂ ನೀವು ನೇರ ನಮ್ಮ ಬಳಿಗೇ ಬಂದಿರಿ. ‘ಇವಳೇ ಅಲ್ವಾ ನಮ್ಮ ನೆಲ್! ಟೇ ಹೇಳಿದ್ ಸರಿಯಾಗೇ ಇದೆ, ಥೇಟ್ ಬೋಳುತಲೆ ಪಾದ್ರಿ!’ ಎಂದು ಮಗುವನ್ನು ಕಸಿದುಕೊಂಡಿರಿ. ತಟ್ಟೆ ನೋಡಿ, ‘ಖಾರದ ಹುರುಳಿ ಸಾರಿಗೆ ದಾಲ್ಚಿನ್ನಿ ಸಿಹಿ ಬನ್ನಾ? ನಿಮ್ಮ ಜನಕ್ಕೆ ಬುದ್ಧಿ ಹೇಳೋರು ಯಾರೂ ಇಲ್ವೇನಮ್ಮಾ?’ ಎಂದಿರಿ. ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ನೆಲ್ ಮೇಜನ್ನು ಬಡಿಯತೊಡಗಿದಳು. ನೀವು ನಗುವುದನ್ನು ನಿಲ್ಲಿಸಿ ಅವಳ ಕೈ ನೋಡಿದಿರಿ. ಅದೇ ತಾಳವನ್ನು ಮೆಲ್ಲಗೆ ತಿರುಗಿ ಬಡಿದಿರಿ. ಅದು ಟೇವಿಯನ್‌ನದು ಎಂದು ನಾನು ಹೇಳಬೇಕಾಗಲಿಲ್ಲ.

ನನ್ನನ್ನು ನೀವು ಏನೂ ಕೇಳಲಿಲ್ಲ. ಮತ್ತೆ ಕೇಳುವುದಿಲ್ಲ ಎಂದಿದ್ದಿರಿ, ಕೇಳಲಿಲ್ಲ. ಹೊರಡುವಾಗ ಇಷ್ಟೇ ಹೇಳಿದಿರಿ: ‘ನಾಳೆ ಯಾರಿಗೂ ಕೆಟ್ಟದ್ದು ಹೇಳಲ್ಲ ಮಗೂ. ನನ್ನ ಮಗ ಬೇಕಂತ ಬಗ್ಗಲಿಲ್ಲ, ಅದು ಚಿಕ್ಕಂದಿನ ಅಭ್ಯಾಸ ಅಂತೀನಿ. ಹಿತ್ತಲಿನ ತಂತಿ ಕಥೆ ಹೇಳ್ತೀನಿ. ಅರ್ಥ ಮಾಡ್ಕೋತಾರೆ.’

ಮಿಸ್ ವರ್ಲೀನ್, ಆ ಕಥೆ ಹೇಳಬೇಡಿ. ಹೇಳಿದರೆ ನಾಳೆ ನಿಮ್ಮ ಬಾಯಿಂದಲೇ ತೀರ್ಪು ಬರೆಸಿಕೊಳ್ಳುತ್ತಾರೆ. ಏಕೆ ಎಂದು ಹೇಳಲೇ ಈಗ ಕೂತಿದ್ದೇನೆ.

ಆ ರಾತ್ರಿ ಊಟ ಆದಮೇಲೆ ವೇಡ್ ಮಲಗಲಿಲ್ಲ. ಕೈ ಒರೆಸಿಕೊಂಡು ನೆಲಮಾಳಿಗೆಗೆ ಇಳಿದ. ಟೇವಿಯನ್ ಈ ವರ್ಷ ಹಿಡಿದ ಕ್ಯಾಚ್‌ಗಳನ್ನೆಲ್ಲ ಬೆಳಗಿನವರೆಗೆ ನೋಡಿದ. ಮೇಲೆ ಬಂದು, ‘ನೀನು ಹೇಳಿದ್ದು ನಿಜ ಕಣೇ, ಪ್ರತಿ ಸಲವೂ ಬಗ್ತಾನೆ,’ ಎಂದ. ಅವನ ಮುಖದಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಗೆಲುವಿತ್ತು. ನಾನು ಮೊಟ್ಟೆ ಒಡೆಯುತ್ತಿದ್ದೆ. ಗಂಡನಿಗೆ ಉಪಯೋಗವಾಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ಇನ್ನೊಮ್ಮೆ ಬರೆಯುತ್ತೇನೆ: ಹೆಮ್ಮೆಯಾಯಿತು.

ಪಂದ್ಯದ ವಾರ ನೆಲ್‌ಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಭ್ಯಾಸ ನೋಡಲು ಹೋದೆ. ಮರಳು ತುಂಬಿದ ಬೊಂಬೆಯೊಂದನ್ನು ಹಗ್ಗದಿಂದ ತೂಗುಹಾಕಿದ್ದರು. ಬೇರೆ ವಾರಗಳಲ್ಲಿ ಅದು ನೆಟ್ಟಗೆ ನಿಂತಿರುತ್ತದೆ. ಆ ವಾರ ಬಾಲ್ ಎಸೆಯುವ ಹೊತ್ತಿಗೆ ಸರಿಯಾಗಿ ತಂಡದ ಆಟದ ಸಾಮಾನು ನೋಡಿಕೊಳ್ಳುವವನು ಹಗ್ಗ ಸಡಿಲಿಸುತ್ತಿದ್ದ. ಬೊಂಬೆ ಕುಸಿದು ಬಗ್ಗುತ್ತಿತ್ತು. ಗ್ರೇಡಿ ಓಡಿ ಬಂದು ಅದು ಇದ್ದ ಜಾಗಕ್ಕಲ್ಲ, ಬಗ್ಗಿ ಬರುವ ಜಾಗಕ್ಕೆ ಹೊಡೆಯುತ್ತಿದ್ದ. ‘ಕಾಯ್ಬೇಡ! ತಲೆ ಬರೋ ಜಾಗದಲ್ಲಿ ಭುಜ ಇಡು! ಬಾಲ್ ಬಿಟ್ಟೇಬಿಡ್ತಾನೆ!’ ಎಂದು ವೇಡ್ ಕೂಗುತ್ತಿದ್ದ.

ಆ ಬೊಂಬೆ ಯಾರೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಪಂದ್ಯಕ್ಕೆ ಇನ್ನೂ ಮೂರು ದಿನವಿತ್ತು. ಆ ಮೂರೂ ದಿನ ಬಾಯಿ ತೆರೆಯಲಿಲ್ಲ. ನಿಮಗೆ ಎರಡು ಸಾಲು ಬರೆಯಲಿಲ್ಲ. ಟೇವಿಯನ್‌ನ ನಂಬರ್ ನನ್ನ ಫೋನಿನಲ್ಲೇ ಇತ್ತು. ‘ತಲೆ ಎತ್ತು, ಅವರಿಗೆ ಗೊತ್ತಿದೆ’ ಎಂದರೆ ಸಾಕಿತ್ತು. ಬಾಲ್ ಬೀಳುತ್ತದೆ, ಅಷ್ಟೇ, ಆಟವೆಂದರೆ ಹಾಗೇ ಎಂದು ನನಗೆ ನಾನೇ ಹೇಳಿಕೊಂಡು ಬೆಂಡೆಕಾಯಿ ಹೆಚ್ಚಿದೆ.

ನಮ್ಮ ಜನ ಚಪ್ಪಾಳೆ ತಟ್ಟಿದರು ಎಂದು ಬರೆದಿದ್ದಿರಿ. ಹಳದಿ ಬಟ್ಟೆ ಬಿದ್ದಾಗ ನನ್ನೊಳಗೆ ಎದ್ದ ಮೊದಲ ಯೋಚನೆ ಟೇವಿಯನ್‌ನದಲ್ಲ: ಗ್ರೇಡಿ ಹೊರಗೆ ಹೋದರೆ ಸೋಲುತ್ತೇವೆ, ಸೋತರೆ ಮನೆ ಹೋಗುತ್ತದೆ. ತಪ್ಪಿಲ್ಲ ಎಂದು ದೊಡ್ಡ ತೆರೆಯ ಮೇಲೆ ಬಂದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ನೆಲ್‌ಳ ಎರಡು ಕೈಗಳನ್ನೂ ಹಿಡಿದು ಅವಳಿಂದಲೂ ತಟ್ಟಿಸಿದೆ. ಆಮೇಲೆ ಸ್ಟ್ರೆಚರ್ ಬಂತು. ಬೆಂಡೆಕಾಯಿ ಡಬ್ಬಿ ನನ್ನ ಕಾಲ ಬಳಿ ಇನ್ನೂ ಬೆಚ್ಚಗಿತ್ತು.

ಮರುದಿನ ಭಾನುವಾರ. ಗ್ರೇಡಿ ಊಟಕ್ಕೆ ಬಂದ, ತಿನ್ನಲಿಲ್ಲ. ವೇಡ್ ಅವನ ಬೆನ್ನು ತಟ್ಟಿ, ‘ರೂಲ್ಸ್ ಪ್ರಕಾರ ನೀನು ಕ್ಲೀನ್ ಕಣೋ, ತಲೆ ಎತ್ತಿ ನಡೀ,’ ಎಂದ. ವೇಡ್ ಎದ್ದು ಹೋದ ಮೇಲೆ ಹುಡುಗ ತಟ್ಟೆ ನೋಡುತ್ತಲೇ ಹೇಳಿದ: ‘ಮೇಡಂ, ನನ್ನ ಹೊರಗೆ ಹಾಕ್ಬೇಕಿತ್ತು. ಹಾಕಿದ್ರೆ ಒಂದು ತಪ್ಪು, ಒಂದು ಶಿಕ್ಷೆ, ಮುಗೀತಿತ್ತು. ಈಗ ಎಲ್ರೂ ಬೆನ್ನು ತಟ್ತಾರೆ. ನಾನು ಎಷ್ಟು ದಿನ ತಟ್ಟಿಸ್ಕೋಬೇಕು?’

‘ನೀನು ಬೇಕಂತ ಮಾಡ್ಲಿಲ್ಲ,’ ಎಂದೆ.

‘ಬೊಂಬೆ ಬಗ್ಗಿದಾಗ್ಲೆಲ್ಲ ಹೊಡೆದೆ. ಅವನು ಬಗ್ಗಿದಾಗ ಮೈ ತಾನಾಗೇ ಹೋಯ್ತು. ಅದು ಬೇಕಂತನಾ, ಅಲ್ವಾ, ನೀವೇ ಹೇಳಿ. ನೀವು ಓದಿದೋರು.’

ಓದಿದವಳು ಅವನ ತಟ್ಟೆ ಎತ್ತಿ ತೊಳೆಯಲು ಒಯ್ದಳು. ಆದರೆ ನನ್ನ ಓದು ಎಲ್ಲಿ ಉಪಯೋಗಕ್ಕೆ ಬಂತೆಂದು ಕೇಳಿ. ನಾಳೆ ಒಂಬತ್ತಕ್ಕೆ ಸಭೆ. ಎರಡು ಸಲಹೆಗಳಲ್ಲಿ ಒಂದನ್ನು ದೊಡ್ಡ ಸಮಿತಿಗೆ ಕಳಿಸುತ್ತಾರೆ. ತಲೆಗೆ ಹೊಡೆದವನು ಮುಂದಿನ ಇಡೀ ಪಂದ್ಯ ಹೊರಗೆ, ಹಾಗೆ ಹೊಡೆಯಲು ಕಲಿಸಿದ ಕೋಚ್ ಕೂಡ ಹೊರಗೆ ಎನ್ನುವುದು ಒಂದು. ಏಟು ತಿಂದವನೇ ತಲೆ ಬಗ್ಗಿಸಿದ್ದರೆ ಹೊಡೆದವನಿಗೆ ಶಿಕ್ಷೆಯೇ ಬೇಡ ಎನ್ನುವುದು ಇನ್ನೊಂದು. ಎರಡನೆಯದರ ಪರ ಮಾತಾಡುವವನು ವೇಡ್. ಅವನಿಗೆ ಭಾಷಣ ಬರೆಯಲು ಬರುವುದಿಲ್ಲ. ‘ನೀನು ಚೆನ್ನಾಗಿ ಬರೀತೀಯ, ಸ್ವಲ್ಪ ತಿದ್ದಿಕೊಡು,’ ಎಂದು ಒಂದು ಹಾಳೆ ಕೊಟ್ಟ. ನಾನು ತಿದ್ದಲಿಲ್ಲ, ಪೂರ್ತಿ ಹೊಸದಾಗಿ ಬರೆದೆ. ಅದರಲ್ಲಿ ಒಂದು ವಾಕ್ಯವಿದೆ. ಅದನ್ನು ಓದಿ ಹಿರಿಯ ಕೋಚ್ ಮೇಜು ಕುಟ್ಟಿದರಂತೆ. ‘ಓಡಿ ಬರುವ ಹುಡುಗನ ತಲೆ ಕೊನೆಯ ಕ್ಷಣದಲ್ಲಿ ಎಲ್ಲಿಗೆ ಹೋಗುತ್ತದೆಂದು ಅವನ ತಾಯಿಗೂ ತಿಳಿದಿರುವುದಿಲ್ಲ, ತಿಳಿಯದಿದ್ದಕ್ಕಾಗಿ ಇನ್ನೊಬ್ಬ ತಾಯಿಯ ಮಗನನ್ನು ಶಿಕ್ಷಿಸಬೇಡಿ.’

ಅದು ನನ್ನ ವಾಕ್ಯ. ತಾಯಿಗೆ ತಿಳಿದಿತ್ತು. ತಾಯಿ ಅದನ್ನು ನನಗೆ ಬರೆದಿದ್ದಳು. ನಾನು ನನ್ನ ಗಂಡನಿಗೆ ಹೇಳಿದ್ದೆ. ಅವನು ಅದನ್ನು ಒಂದು ಹಗ್ಗಕ್ಕೂ ಬೊಂಬೆಗೂ ಕಲಿಸಿದ್ದ.

ಈಗ ತಿಳಿಯಿತೇ, ನಾಳೆ ನೀವು ತಂತಿಯ ಕಥೆ ಹೇಳಬಾರದು ಎಂದು ಯಾಕೆ ಅಂದೆ? ‘ನೋಡಿ, ಅವನು ತಾನಾಗಿಯೇ ಬಗ್ಗುತ್ತಾನೆ ಎಂದು ತಾಯಿಯೇ ಒಪ್ಪಿದಳು’ ಎನ್ನುತ್ತಾರೆ. ಅದು ಪೇಪರಿನಲ್ಲಿ ಬರುತ್ತದೆ, ಟೇವಿಯನ್ ಓದುತ್ತಾನೆ. ತನ್ನ ಕತ್ತು ತಾನೇ ಮುರಿದುಕೊಂಡೆ ಎಂದು ಸಾಯುವವರೆಗೆ ನಂಬುತ್ತಾನೆ. ತಂತಿಯ ಕಥೆಯ ಜೊತೆಗೆ ಬೊಂಬೆಯ ಕಥೆಯನ್ನೂ ಅದೇ ಕೋಣೆಯಲ್ಲಿ ಯಾರಾದರೂ ಹೇಳಬೇಕು. ಗ್ರೇಡಿಯನ್ನು ಊರಿಗೆ ಕಳಿಸಿದ್ದಾರೆ. ಸಾಮಾನಿನವನು ಕಾಲೇಜಿನ ಸಂಬಳದವನು. ಉಳಿದವಳು ನಾನು. ನಾಳೆ ವೇಡ್‌ನ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ಕೂರಬೇಕೆಂದು ನನಗೆ ಹೇಳಿದ್ದಾರೆ. ನೋಡಲು ಚೆನ್ನಾಗಿರುತ್ತದಂತೆ.

ವೇಡ್ ದುಷ್ಟನಲ್ಲ. ಇದನ್ನು ಬರೆದರೆ ಮತ್ತೆ ಗಂಡನ ಪರ ವಾದಿಸಿದಂತಾಗುತ್ತದೆ, ಆದರೂ ನಿಜ. ಈಗಲೂ ನೆಲಮಾಳಿಗೆಯಿಂದ ಟಿಕ್ ಟಿಕ್ ಬರುತ್ತಿದೆ. ಸ್ವಲ್ಪ ಹೊತ್ತಿನ ಮುಂಚೆ ಮೆಟ್ಟಿಲ ಮೇಲೆ ಕೂತು ಇಣುಕಿ ನೋಡಿದೆ. ಟೇವಿಯನ್ ಓಡಿ ಬರುತ್ತಾನೆ, ಕೈ ಚಾಚುತ್ತಾನೆ, ಟಿಕ್, ಹಿಂದಕ್ಕೆ ಹೋಗುತ್ತಾನೆ. ಏಟು ಬೀಳುವ ಕ್ಷಣದವರೆಗೆ ವೀಡಿಯೊ ಓಡಲು ವೇಡ್ ಬಿಡುವುದೇ ಇಲ್ಲ. ನಾನು ಬಂದದ್ದು ಗೊತ್ತಾಗಿ, ‘ಬಾಲ್ ಬೀಳುತ್ತೆ ಅಂದ್ಕೊಂಡಿದ್ದೆ ಕಣೇ,’ ಎಂದ, ತಿರುಗಿ ನೋಡದೆ. ‘ನಾಳೆ ಅಲ್ಲಿ ಅದನ್ನೇ ಹೇಳು,’ ಎಂದೆ. ‘ಹೇಳಿದ್ರೆ ನಾವು ಎಲ್ಲಿಗೆ ಹೋಗೋದು?’ ಎಂದ. ಮೇಲೆ ಬಂದು ಇದನ್ನು ಬರೆಯಲು ಕೂತೆ.

ನಾನೇ ನಾಳೆ ಎದ್ದು ನಿಂತು ಹೇಳಬಹುದಲ್ಲ ಎಂದು ನೀವು ಕೇಳಬಹುದು. ಹೇಳುತ್ತೇನೆ ಎಂದು ಈ ಕತ್ತಲಲ್ಲಿ ಅನ್ನಿಸುತ್ತದೆ. ಆದರೆ ನನ್ನನ್ನು ನಾನು ಬಲ್ಲೆ. ಬೆಳಕು ಹರಿದರೆ ನೆಲ್ ಏಳುತ್ತಾಳೆ, ಕಾಫಿ ಇಡುತ್ತೇನೆ, ವೇಡ್‌ನ ಅಂಗಿಗೆ ಇಸ್ತ್ರಿ ಹಾಕುತ್ತೇನೆ, ಟೈ ಸರಿಮಾಡುತ್ತೇನೆ. ಅಷ್ಟು ಹೊತ್ತಿಗೆ ನಾನು ಮತ್ತೆ ಬೊಂಬೆಯನ್ನು ನೋಡಿ ಸುಮ್ಮನೆ ಮನೆಗೆ ಬಂದ ಆ ಹೆಂಗಸಾಗಿಬಿಟ್ಟಿರುತ್ತೇನೆ. ಅವನ ಪಕ್ಕದಲ್ಲಿ ಕೂತು, ನೀವು ತಂತಿಯ ಕಥೆ ಹೇಳುವುದನ್ನು ತಲೆ ತಗ್ಗಿಸಿ ಕೇಳುತ್ತೇನೆ. ಕ್ಷಮೆ ಕೇಳುತ್ತಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ.

ಫೋನ್ ಮಾಡಿ. ನಂಬರ್ ಕವರಿನ ಹಿಂದೆ ಬರೆದಿದ್ದೇನೆ. ನಾವು ಒಮ್ಮೆಯೂ ಫೋನಿನಲ್ಲಿ ಮಾತಾಡಿಲ್ಲ, ನಿಮಗೆ ಅಳು ಬರುತ್ತದೆ ಎಂದಿದ್ದಿರಿ. ಅಳಿ. ಬೈಯಿರಿ. ಏನೂ ಆಡದೆ ಸುಮ್ಮನೆ ಹಿಡಿದುಕೊಂಡಿರಿ, ನೀವೇ ಎಂದು ನನಗೆ ತಿಳಿಯುತ್ತದೆ. ‘ಬಾ’ ಎಂಬ ಒಂದು ಮಾತು ನಿಮ್ಮ ಬಾಯಿಂದ ಬಂದರೆ ನೆಲ್‌ಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಈಗಲೇ ನಿಮ್ಮ ಕೋಣೆಗೆ ಬರುತ್ತೇನೆ. ಬೆಳಿಗ್ಗೆ ನಿಮ್ಮ ಕೋಣೆಯಿಂದಲೇ ನಿಮ್ಮ ಜೊತೆ ಸಭೆಗೆ ನಡೆಯುತ್ತೇನೆ. ಈ ಮನೆಯಿಂದ ಹೊರಟರೆ ಎಲ್ಲಿ ಕೂರುತ್ತೇನೋ ನನಗೇ ನಂಬಿಕೆಯಿಲ್ಲ.

ಫೋನನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತಿರುತ್ತೇನೆ. ಟೇವಿಯನ್‌ನ ಕುರ್ಚಿಯಲ್ಲಿ. ಮಿಸ್ ವರ್ಲೀನ್, ಬೇಡಿಕೊಳ್ಳುತ್ತೇನೆ, ಬೆಳಕಾಗುವ ಮೊದಲು ಫೋನ್ ಮಾಡಿ.

ಕೊರಿನ್